ಮೊದಲು ಕಾರ್ಡು, ಆಮೇಲೆ ಟಿಕೆಟ್ಟು: ದೇಶದೊಳಗಿನ ವಿಮಾನಕ್ಕೆ ಗುರುತಿನ ಚೀಟಿ ಹೊಂದಿಸಿಕೊಳ್ಳುವುದು ಹೇಗೆ?

ದಾವಣಗೆರೆಯಲ್ಲಿ ವಿಮಾನ ನಿಲ್ದಾಣವಿಲ್ಲ, ಚಿತ್ರದುರ್ಗದಲ್ಲೂ ಇಲ್ಲ. ಕಾಶಿಗೋ ದೆಹಲಿಗೋ ಹಾರುವ ಮೊದಲು ಇಲ್ಲಿನವರು ರಸ್ತೆ ಹಿಡಿಯಲೇಬೇಕು. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿ.ಮೀ., ಹುಬ್ಬಳ್ಳಿ 150ರ ಆಸುಪಾಸು. 2023ರಲ್ಲಿ ಶುರುವಾದ ಶಿವಮೊಗ್ಗದ ಸೋಗಾನೆ ನಿಲ್ದಾಣ ನೂರು ಕಿ.ಮೀ. ಸುತ್ತಮುತ್ತ. ಬೆಂಗಳೂರಿನವರು ಗುರುತಿನ ಚೀಟಿ ಮರೆತರೆ ಮನೆಗೆ ಫೋನ್ ಮಾಡಿ ಆಟೊದಲ್ಲಿ ತರಿಸಿಕೊಂಡಾರು. ನಮ್ಮ ಕಡೆಯವರಿಗೆ ಡಾಬಸ್‌ಪೇಟೆ ದಾಟಿದ ಮೇಲೆ ನೆನಪಾದರೆ ವಿಮಾನ ಹೋದಂತೆಯೇ. ಆದ್ದರಿಂದ ಈ ಕೆಲಸವನ್ನೆಲ್ಲ ಊರಲ್ಲೇ, ಅದೂ ಟಿಕೆಟ್ ತೆಗೆಯುವ ಮುಂಚೆಯೇ ಮುಗಿಸಬೇಕು.

ಯಾವ ಕಾರ್ಡು ನಡೆಯುತ್ತದೆ

ನಿಲ್ದಾಣದ ಬಾಗಿಲಲ್ಲಿ ಏನು ತೋರಿಸಬೇಕೆಂದು ನಿರ್ಧರಿಸುವುದು ವಿಮಾನ ಕಂಪನಿಯಲ್ಲ, ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ. 2017ರ ಅಕ್ಟೋಬರ್‌ನಲ್ಲಿ ಅದು 10 ಬಗೆಯ ದಾಖಲೆಗಳ ಪಟ್ಟಿ ಹೊರಡಿಸಿತು. ಪಾಸ್‌ಪೋರ್ಟ್, ಮತದಾರರ ಗುರುತಿನ ಚೀಟಿ, ಆಧಾರ್ ಅಥವಾ ಮೊಬೈಲಿನ ಎಂ-ಆಧಾರ್, ಪ್ಯಾನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ನೌಕರಿಯ ಗುರುತಿನ ಚೀಟಿ, ವಿದ್ಯಾರ್ಥಿ ಗುರುತಿನ ಚೀಟಿ, ರಾಷ್ಟ್ರೀಕೃತ ಬ್ಯಾಂಕಿನ ಫೋಟೊ ಇರುವ ಪಾಸ್‌ಬುಕ್, ಫೋಟೊ ಇರುವ ಪಿಂಚಣಿ ದಾಖಲೆ, ಅಂಗವಿಕಲರ ಗುರುತಿನ ಚೀಟಿ ಅಥವಾ ವೈದ್ಯಕೀಯ ಪ್ರಮಾಣಪತ್ರ. ಇವುಗಳಲ್ಲಿ ಒಂದಿದ್ದರೆ ಸಾಕು. ಆಧಾರ್ ಒಂದೇ ನಡೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ.

ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್, ಕಾರ್ಮಿಕ ಕಾರ್ಡ್, ಸಂಘ-ಸಂಸ್ಥೆಗಳ ಸದಸ್ಯತ್ವದ ಕಾರ್ಡ್ ಈ ಪಟ್ಟಿಯಲ್ಲಿಲ್ಲ. ರೈಲಿನಲ್ಲಿ ನಡೆದಿತ್ತಲ್ಲ ಎಂಬ ವಾದ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ವಿದ್ಯಾರ್ಥಿ ಗುರುತಿನ ಚೀಟಿಯ ವಿಷಯದಲ್ಲೂ ಎಚ್ಚರ ಬೇಕು. ಪಟ್ಟಿ ಹೇಳುವುದು ಸರ್ಕಾರಿ ಸಂಸ್ಥೆ ಕೊಟ್ಟ ಚೀಟಿಯ ಬಗ್ಗೆ. ದಾವಣಗೆರೆಯ ಖಾಸಗಿ ಕಾಲೇಜುಗಳಲ್ಲಿ ಓದುವವರು ಕಾಲೇಜಿನ ಕಾರ್ಡೊಂದನ್ನೇ ನೆಚ್ಚಿಕೊಂಡು ಹೊರಡುವುದು ಬೇಡ.

ಅವಧಿ ಮುಗಿದ ಪಾಸ್‌ಪೋರ್ಟ್, ಲೈಸೆನ್ಸ್ ಲೆಕ್ಕಕ್ಕಿಲ್ಲ. ಹಿರಿಯರ ಲೈಸೆನ್ಸನ್ನು ವಿಶೇಷವಾಗಿ ನೋಡಿ, 55 ದಾಟಿದವರಿಗೆ ಅದನ್ನು ಒಮ್ಮೆಗೆ 5 ವರ್ಷಕ್ಕಷ್ಟೇ ನವೀಕರಿಸಿ ಕೊಡುತ್ತಾರೆ. ಆಧಾರ್‌ಗೆ ಅಂಥ ಮುಕ್ತಾಯದ ದಿನಾಂಕವಿಲ್ಲ. ಹೊಲದಲ್ಲಿ ದುಡಿದು ಬೆರಳ ಗೆರೆ ಸವೆದಿದೆ, ಅಲ್ಲಿ ತೊಂದರೆ ಆದೀತೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ, ಏಕೆಂದರೆ ಬಾಗಿಲಲ್ಲಿ ಬೆರಳಚ್ಚು ಕೇಳುವುದಿಲ್ಲ. ಕಾರ್ಡಿನ ಫೋಟೊ, ನಿಮ್ಮ ಮುಖ, ಟಿಕೆಟ್ಟಿನ ಹೆಸರು, ಈ ಮೂರನ್ನು ಕಣ್ಣಲ್ಲೇ ತಾಳೆ ನೋಡುತ್ತಾರೆ. ಹಾಗಾಗಿ ಫೋಟೊ ಮಾಸಿ ಕಪ್ಪಾಗಿರುವ ಹಳೆಯ ಮತದಾರರ ಚೀಟಿಗಿಂತ ಸ್ಪಷ್ಟವಾಗಿ ಮುದ್ರಿಸಿದ ಇ-ಆಧಾರ್ ಮೇಲು.

ಹೆಸರು: ಎಡವಟ್ಟಾಗುವುದು ಇಲ್ಲೇ

ಕಾರ್ಡು ಇದ್ದೂ ಪರದಾಡುವವರಲ್ಲಿ ಹೆಚ್ಚಿನವರು ಹೆಸರಿನ ವ್ಯತ್ಯಾಸದಿಂದ ಸಿಕ್ಕಿಕೊಂಡವರು. ನಮ್ಮ ಕಡೆಯ ಹೆಸರುಗಳ ಮುಂದೆ ಊರಿನ ಇನಿಷಿಯಲ್, ತಂದೆಯ ಇನಿಷಿಯಲ್ ಇರುತ್ತವೆ. ಆಧಾರ್‌ನಲ್ಲಿ ಅವು ಹೆಸರಿನ ಹಿಂದೆ ಹೋಗಿರುತ್ತವೆ, ಪ್ಯಾನ್‌ನಲ್ಲಿ ಬಿಡಿಸಿ ಬರೆದಿರುತ್ತಾರೆ. ಮನೆಯಲ್ಲಿ ಎಲ್ಲರೂ ಪುಟ್ಟಮ್ಮ ಎನ್ನುವ ಅಜ್ಜಿ ಆಧಾರ್‌ನಲ್ಲಿ ಹಾಲಮ್ಮ. ಕಾಶಿಯಾತ್ರೆಗೆ ಇಪ್ಪತ್ತು ಜನರ ಗುಂಪು ಕಟ್ಟುವವರು ಹೆಸರುಗಳನ್ನು ಫೋನಿನಲ್ಲಿ ಕೇಳಿ ಬರೆದುಕೊಂಡು ಏಜೆಂಟರಿಗೆ ಕೊಟ್ಟುಬಿಡುತ್ತಾರೆ. ತಪ್ಪು ಹುಟ್ಟುವುದು ಅಲ್ಲಿ.

ಹೀಗೆ ಮಾಡಿ. ಪ್ರಯಾಣದ ದಿನ ಯಾವ ಕಾರ್ಡು ತೋರಿಸುತ್ತೀರೋ ಅದನ್ನು ಮೊದಲು ಆರಿಸಿ, ಎದುರಿಗಿಟ್ಟುಕೊಂಡು, ಅದರ ಇಂಗ್ಲಿಷ್ ಸಾಲಿನಲ್ಲಿರುವ ಅಕ್ಷರಗಳನ್ನೇ ಟಿಕೆಟ್ಟಿಗೆ ತುಂಬಿ. ನಿಮ್ಮ ಎಲ್ಲ ಕಾರ್ಡುಗಳಲ್ಲೂ ಹೆಸರು ಒಂದೇ ರೀತಿ ಇರಬೇಕೆಂದೇನಿಲ್ಲ, ಟಿಕೆಟ್ಟಿಗೂ ತೋರಿಸುವ ಕಾರ್ಡಿಗೂ ಹೊಂದಿಕೆಯಾದರೆ ಆಯಿತು. ಆಧಾರ್ ‘ಬಸವರಾಜಪ್ಪ’ ಎಂದರೆ ಟಿಕೆಟ್ ‘ಬಸವರಾಜ್’ ಎನ್ನುವುದು ಬೇಡ. ಮದುವೆಯ ನಂತರ ಗಂಡನ ಹೆಸರು ಸೇರಿಸಿಕೊಂಡವರು ಕಾರ್ಡಿನಲ್ಲಿ ಅದು ಬದಲಾಗಿದೆಯೇ ಎಂದು ನೋಡಿ. ಬದಲಾಗದಿದ್ದರೆ ಹಳೆಯ ಹೆಸರಿನಲ್ಲೇ ಟಿಕೆಟ್ ತೆಗೆಯಿರಿ.

ಟಿಕೆಟ್ ಫಾರಂನಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಖಾನೆಗಳಿರುತ್ತವೆ. ಆಧಾರ್‌ನಲ್ಲಿ ‘ರುದ್ರೇಶ ಎಚ್ ಎಂ’ ಎಂದಿದ್ದರೆ ಮೊದಲ ಖಾನೆಗೆ ರುದ್ರೇಶ, ಎರಡನೆಯದಕ್ಕೆ ಎಚ್ ಎಂ. ಇನಿಷಿಯಲ್ ನಡುವೆ ಚುಕ್ಕಿ ಹಾಕಬೇಡಿ, ಫಾರಂ ಅದನ್ನು ಒಪ್ಪದಿರುವುದೇ ಹೆಚ್ಚು. ಒಂದೇ ಅಕ್ಷರದ ಇನಿಷಿಯಲ್ ಅನ್ನು ಕೊನೆಯ ಹೆಸರಾಗಿ ಸ್ವೀಕರಿಸದ ಫಾರಂಗಳೂ ಇವೆ. ಆಗ, ಅಥವಾ ಹಾಲಮ್ಮ ಎಂಬ ಒಂದೇ ಹೆಸರಿರುವಾಗ, ಎರಡೂ ಖಾನೆಯಲ್ಲಿ ಅದೇ ಹೆಸರು ಬರೆಯುವ ರೂಢಿಯಿದೆ. ಆಯಾ ಕಂಪನಿಯ ಫಾರಂನಲ್ಲಿ ಈ ಬಗ್ಗೆ ಸೂಚನೆ ಇರುತ್ತದೆ, ಓದಿಕೊಳ್ಳಿ. ಖಾನೆ ತುಂಬಲೆಂದು ಊರಿನ ಹೆಸರನ್ನೋ ಜಾತಿಯ ಹೆಸರನ್ನೋ ಹೊಸದಾಗಿ ಸೇರಿಸಿದರೆ ಕಾರ್ಡಿನಲ್ಲಿಲ್ಲದ ಹೆಸರು ಟಿಕೆಟ್ಟಿಗೆ ಬರುತ್ತದೆ.

ಬೋರ್ಡಿಂಗ್ ಪಾಸ್ ಕೈಗೆ ಬಂದಾಗ ಹೆಸರು ತಿರುಗುಮುರುಗಾಗಿದೆ ಎಂದು ಗಾಬರಿಯಾಗುವವರಿದ್ದಾರೆ. ಕೊನೆಯ ಹೆಸರು ಮುಂದೆ, ಗೀಟು, ಆಮೇಲೆ ಮೊದಲ ಹೆಸರು, ಅದಕ್ಕೆ ಅಂಟಿಕೊಂಡಂತೆ ಮಿಸ್ಟರ್ ಅಥವಾ ಮಿಸೆಸ್: ಅದು ಮುದ್ರಿಸುವ ಕ್ರಮ, ತಪ್ಪಲ್ಲ.

ಟಿಕೆಟ್ ಬಂದ ಕೂಡಲೇ ಕಾರ್ಡಿನ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಓದಿ. ವಿಮಾನ ಕಂಪನಿಯಿಂದಲೇ ನೇರವಾಗಿ ಕೊಂಡ ಟಿಕೆಟ್ಟಿನಲ್ಲಿ ಅದೇ ವ್ಯಕ್ತಿಯ ಹೆಸರಿನ ತಪ್ಪನ್ನು 24 ಗಂಟೆಯೊಳಗೆ ತಿಳಿಸಿದರೆ ಶುಲ್ಕವಿಲ್ಲದೆ ತಿದ್ದಿಕೊಡಬೇಕೆಂಬ ನಿಯಮವಿದೆ. ಏಜೆಂಟರಿಂದ ಕೊಂಡಿದ್ದರೆ ಸಾಮಾನ್ಯವಾಗಿ ಅವರ ಮೂಲಕವೇ ಹೋಗಬೇಕು. ಸಂಜೆ ಟಿಕೆಟ್ ಕಳಿಸಿದರೆ ಸಂಜೆಯೇ ನೋಡಿ ಹೇಳಿ, ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಅರ್ಧ ಸಮಯ ಕಳೆದಿರುತ್ತದೆ. ಹೋಗುವ ವಿಮಾನ ಒಂದು ಕಂಪನಿಯದು, ಬರುವುದು ಇನ್ನೊಂದರದು ಆಗಿದ್ದರೆ ಎರಡು ಕಡೆಯೂ ಬೇರೆಬೇರೆಯಾಗಿ ತಿದ್ದಿಸಬೇಕು. ಗುಂಪಿನಲ್ಲಿ ಒಬ್ಬರು ಬರದಿದ್ದರೆ ಅವರ ಟಿಕೆಟ್ಟಿಗೆ ಮತ್ತೊಬ್ಬರ ಹೆಸರು ಹಾಕಿಸಲು ಬರುವುದಿಲ್ಲ. ಅದು ತಿದ್ದುಪಡಿಯಲ್ಲ, ಹೊಸ ಟಿಕೆಟ್ಟೇ ಬೇಕು.

ಅಕ್ಷರವೊಂದು ಹೆಚ್ಚುಕಡಿಮೆ ಇದ್ದಾಗ ಸಿಬ್ಬಂದಿ ಒಳಗೆ ಬಿಡುವುದುಂಟು. ಆದರೆ ಅದು ಅವರ ವಿವೇಚನೆ, ನಮ್ಮ ಹಕ್ಕಲ್ಲ. 260 ಕಿ.ಮೀ. ದೂರದಿಂದ ಬಂದವರು ಅದನ್ನು ನಂಬಿ ಹೊರಡಬಾರದು.

ಆಧಾರ್‌ನಲ್ಲಿರುವ ಹೆಸರೇ ತಪ್ಪಾಗಿದ್ದರೆ? ತಿದ್ದಿಸಲು ಅಂಚೆ ಕಚೇರಿ, ಬ್ಯಾಂಕ್ ಅಥವಾ ಕರ್ನಾಟಕ ಒನ್‌ನಲ್ಲಿರುವ ಆಧಾರ್ ಕೇಂದ್ರಕ್ಕೆ ಹೋಗಿ. ಬದಲಾವಣೆ ಮೂಡಲು ಒಂದು ತಿಂಗಳು ಹಿಡಿಯಬಹುದು ಎಂದೇ ಎಣಿಸಿ. ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ಬದಲಿಸಲು ಅವಕಾಶ, ಹಾಗಾಗಿ ಅರ್ಜಿ ಕೊಡುವಾಗ ಕಾಗುಣಿತ ಎರಡು ಸಲ ಓದಿ. ಪ್ರಯಾಣ ಹತ್ತಿರವಿದ್ದರೆ ತಿದ್ದುಪಡಿಗೆ ಕೈಹಾಕದೆ, ಇರುವ ಹೆಸರಿನಲ್ಲೇ ಟಿಕೆಟ್ ತೆಗೆಯುವುದು ಜಾಣತನ.

ಫೋನಿನಲ್ಲಿರುವ ಕಾರ್ಡು

ವಾಟ್ಸ್‌ಆ್ಯಪ್‌ನಲ್ಲಿ ಮಗ ಕಳಿಸಿದ ಆಧಾರ್ ಫೋಟೊ ಗುರುತಿನ ಚೀಟಿಯಲ್ಲ. ಜೆರಾಕ್ಸ್ ಕೂಡ ಅಲ್ಲ. ಫೋನಿನಿಂದ ತೋರಿಸುವುದಾದರೆ ಎಂ-ಆಧಾರ್ ಅಥವಾ ಡಿಜಿಲಾಕರ್ ಆ್ಯಪನ್ನು ಅಲ್ಲೇ ತೆರೆದು ತೋರಿಸಬೇಕು. ಡಿಜಿಲಾಕರ್‌ನಲ್ಲಿ ಎರಡು ವಿಭಾಗಗಳಿವೆ. ಸಾರಿಗೆ ಇಲಾಖೆ, ಆದಾಯ ತೆರಿಗೆ ಇಲಾಖೆಯಂಥ ಸಂಸ್ಥೆಗಳಿಂದ ನೇರವಾಗಿ ಬಂದು ಕೂತ ದಾಖಲೆಗಳು ಒಂದರಲ್ಲಿ, ನಾವೇ ಫೋಟೊ ತೆಗೆದು ಏರಿಸಿದವು ಇನ್ನೊಂದರಲ್ಲಿ. ಮೂಲ ದಾಖಲೆಗೆ ಸಮನಾದ ಮಾನ್ಯತೆ ಇರುವುದು ಮೊದಲನೆಯ ವಿಭಾಗದ್ದಕ್ಕೆ ಮಾತ್ರ. ತೆರೆದು ನೋಡಿ, ನಿಮ್ಮದು ಯಾವುದರಲ್ಲಿದೆ ಎಂದು ಖಚಿತ ಮಾಡಿಕೊಳ್ಳಿ.

ಡಿಜಿಲಾಕರ್‌ಗೆ ಆಧಾರ್ ತರಿಸಿಕೊಳ್ಳಲು ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆಗೆ ಒಟಿಪಿ ಬರಬೇಕು. ಎಷ್ಟೋ ಮನೆಗಳಲ್ಲಿ ಆ ಸಿಮ್ ಯಾವಾಗಲೋ ಹೋಗಿರುತ್ತದೆ. ಆಧಾರ್ ಕೇಂದ್ರದಲ್ಲಿ ಹೊಸ ಸಂಖ್ಯೆ ಜೋಡಿಸಲು ಯಾವ ದಾಖಲೆಯನ್ನೂ ಕೇಳುವುದಿಲ್ಲ, ವ್ಯಕ್ತಿ ಬಂದು ಬೆರಳಚ್ಚು ಕೊಟ್ಟರೆ ಸಾಕು.

ಇ-ಆಧಾರ್ ಕಡತ ಇಳಿಸಿಕೊಂಡು ಬಣ್ಣದಲ್ಲಿ ಮುದ್ರಿಸಿದರೆ ಅದಕ್ಕೂ ಮೂಲ ಕಾರ್ಡಿನ ಮಾನ್ಯತೆಯಿದೆ. ಕಡತದ ಪಾಸ್‌ವರ್ಡ್ ಎಂಟು ಅಕ್ಷರದ್ದು: ಆಧಾರ್‌ನಲ್ಲಿರುವ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ನಂತರ ಹುಟ್ಟಿದ ವರ್ಷದ ನಾಲ್ಕು ಅಂಕಿ. ನಮ್ಮ ಸಲಹೆ: ಒಂದು ಮೂಲ ಕಾರ್ಡು ಕೈಚೀಲದಲ್ಲಿರಲಿ, ಇನ್ನೊಂದು ಬಗೆಯದು ಫೋನಿನಲ್ಲಿರಲಿ. ಚಾರ್ಜ್ ಮುಗಿದ ಫೋನಿನಲ್ಲಿ ಯಾವ ಕಾರ್ಡೂ ಇರುವುದಿಲ್ಲ.

ಮಕ್ಕಳು

ಅಪ್ಪ ಅಥವಾ ಅಮ್ಮನ ಜೊತೆ ಹೋಗುವ ಮಕ್ಕಳಿಗೆ ಪ್ರತ್ಯೇಕ ಗುರುತಿನ ಚೀಟಿ ಬೇಡ, ದೊಡ್ಡವರದು ಇದ್ದರೆ ಸಾಕು. ಆದರೆ ಬೇಸಿಗೆ ರಜೆಯಲ್ಲಿ ಮೊಮ್ಮಗನನ್ನು ಅಜ್ಜ-ಅಜ್ಜಿ ಕರೆದುಕೊಂಡು ಹೋಗುವಾಗ, ಸೋದರಮಾವನ ಜೊತೆ ಕಳಿಸುವಾಗ ಈ ವಿನಾಯಿತಿಯನ್ನು ನೆಚ್ಚಬೇಡಿ. ನಿಯಮದಲ್ಲಿರುವ ಮಾತು ತಂದೆತಾಯಿಯ ಬಗ್ಗೆ. ಮಗುವಿನ ಆಧಾರ್ ಮಾಡಿಸಿ ಕೊಟ್ಟು ಕಳಿಸಿ. 5 ವರ್ಷದೊಳಗಿನವರಿಗೆ ಕೊಡುವ ನೀಲಿ ಆಧಾರ್‌ಗೆ ಬೆರಳಚ್ಚು ಬೇಕಿಲ್ಲ, ಐದು ತುಂಬಿದ ಮೇಲೆ ಅದನ್ನು ನವೀಕರಿಸಬೇಕು. ಮಕ್ಕಳ ಪ್ಯಾನ್ ಕಾರ್ಡಿನಲ್ಲಿ ಫೋಟೊ ಇರುವುದಿಲ್ಲ, ಆದ್ದರಿಂದ ಅದು ಇಲ್ಲಿ ಉಪಯೋಗಕ್ಕೆ ಬಾರದು.

ಎರಡು ವರ್ಷದೊಳಗಿನ ಕೂಸಿಗೆ ಬೇರೆ ಲೆಕ್ಕ. ಕೂಸಿನ ಕಡಿಮೆ ದರದ ಟಿಕೆಟ್ ತೆಗೆದಿದ್ದರೆ ವಯಸ್ಸಿನ ಪುರಾವೆಯಾಗಿ ಜನನ ಪ್ರಮಾಣಪತ್ರ ತೋರಿಸಬೇಕು. ಇಲ್ಲದಿದ್ದರೆ ಕೌಂಟರಿನಲ್ಲಿ ಮಕ್ಕಳ ಪೂರ್ತಿ ದರ ಕೇಳಬಹುದು. ಹೋಗುವ ದಿನ ಕೂಸಿಗೆ ಎರಡು ತುಂಬಿರದೆ ಬರುವ ದಿನ ತುಂಬಿದ್ದರೆ ಬರುವಾಗ ಸೀಟು ಬೇಕೇ ಬೇಕು.

ಡಿಜಿ ಯಾತ್ರಾ

ಬೆಂಗಳೂರಿನಲ್ಲಿ 2022ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ಈ ವ್ಯವಸ್ಥೆಯಲ್ಲಿ ಮುಖವೇ ಗುರುತು. ಇದು ಕಡ್ಡಾಯವಲ್ಲ. ಬೇಕಾದವರು ಮನೆಯಲ್ಲೇ ಆ್ಯಪ್ ಹಾಕಿಕೊಂಡು, ಆಧಾರ್ ಜೋಡಿಸಿ, ಸೆಲ್ಫಿ ತೆಗೆದಿಟ್ಟುಕೊಳ್ಳಬೇಕು. ವೆಬ್ ಚೆಕ್-ಇನ್ ಆದ ಮೇಲೆ ಬೋರ್ಡಿಂಗ್ ಪಾಸ್ ಸೇರಿಸಿ ನಿಲ್ದಾಣಕ್ಕೆ ಕಳಿಸಬೇಕು. ಈ ಕೊನೆಯ ಹೆಜ್ಜೆಯನ್ನು ಮರೆತು ಬಾಗಿಲಿಗೆ ಬಂದರೆ ಗೇಟು ತೆರೆಯುವುದಿಲ್ಲ. ಟಿಕೆಟ್ಟಿನ ಹೆಸರು ಆಧಾರ್ ಹೆಸರಿಗೆ ಹೊಂದದಿದ್ದರೂ ಅದೇ ಗತಿ, ಯಂತ್ರಕ್ಕೆ ವಿವೇಚನೆಯಿಲ್ಲ. ಡಿಜಿ ಯಾತ್ರಾ ಇದ್ದರೂ ಕಾರ್ಡು ಜೊತೆಗಿರಲಿ.

ಹೊರಡುವ ದಿನ

ದಾವಣಗೆರೆಯಿಂದ ದೇವನಹಳ್ಳಿಗೆ ಬೆಂಗಳೂರು ನಗರ ಹೊಗದೆ ಡಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋಗಬಹುದು. ದಾರಿಗೆ ಐದು ಗಂಟೆ, ನಿಲ್ದಾಣದಲ್ಲಿ ಎರಡು ಗಂಟೆ ಇಟ್ಟುಕೊಳ್ಳಿ. ದೇಶದೊಳಗಿನ ವಿಮಾನಗಳ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲೇ ಮುಚ್ಚುತ್ತದೆ. ಬೆಂಗಳೂರಿನಲ್ಲಿ ಎರಡು ಟರ್ಮಿನಲ್‌ಗಳಿವೆ, ನಿಮ್ಮದು ಯಾವುದೆಂದು ಟಿಕೆಟ್ಟಿನಲ್ಲಿರುತ್ತದೆ. ತಪ್ಪು ಬಾಗಿಲಿಗೆ ಹೋದರೆ ಕಾರ್ಡು ಸರಿಯಿದ್ದರೂ ಒಳಗೆ ಬಿಡುವುದಿಲ್ಲ.

ಬಾಗಿಲು ದಾಟಿದ ಮೇಲೆ ಕಾರ್ಡನ್ನು ದೊಡ್ಡ ಬ್ಯಾಗಿಗೆ ಹಾಕಿಬಿಡುವುದು ಹಲವರ ಅಭ್ಯಾಸ. ಆ ಬ್ಯಾಗು ಕೌಂಟರಿನಲ್ಲಿ ಬೆಲ್ಟ್ ಮೇಲೆ ಹೋಗಿಬಿಡುತ್ತದೆ. ಕೌಂಟರಿನಲ್ಲಿ ಮತ್ತೆ ಕೇಳಬಹುದು, ವಿಮಾನ ಹತ್ತುವ ಗೇಟಿನ ಬಳಿಯೂ ಕೇಳಬಹುದು. ಭದ್ರತೆ ಬಿಗಿಯಾದಾಗ, 2025ರ ಮೇ ತಿಂಗಳಲ್ಲಿ ಆದಂತೆ, ವಿಮಾನದ ಮೆಟ್ಟಿಲ ಹತ್ತಿರ ಇನ್ನೊಂದು ತಪಾಸಣೆಯೂ ಇರುತ್ತದೆ. ಸೀಟಿನಲ್ಲಿ ಕೂರುವತನಕ ಕಾರ್ಡು ಕೈಗೆಟಕುವಂತಿರಲಿ.

ಅಮೆರಿಕಕ್ಕೆ ಹೋಗುವ ತಂದೆತಾಯಿಗೆ

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋದವರು ಅಲ್ಲಿ ಊರಿಂದೂರಿಗೆ ವಿಮಾನದಲ್ಲಿ ಓಡಾಡುತ್ತಾರೆ. ಅಲ್ಲಿ 2025ರ ಮೇ 7ರಿಂದ ‘ರಿಯಲ್ ಐಡಿ’ ನಿಯಮ ಜಾರಿಯಾಗಿದೆ. ಆ ದೇಶದ ರಾಜ್ಯಗಳು ಕೊಡುವ ಸಾಮಾನ್ಯ ಲೈಸೆನ್ಸ್ ಸಾಲದು, ಹೊಸ ಮಾನದಂಡಕ್ಕೆ ಒಪ್ಪುವ ಕಾರ್ಡು ಬೇಕು. ಇದು ಪ್ರವಾಸಕ್ಕೆ ಹೋದ ನಿಮಗೆ ತೊಂದರೆ ಕೊಡುವುದಿಲ್ಲ, ಭಾರತದ ಪಾಸ್‌ಪೋರ್ಟ್ ಅಲ್ಲಿ ನಡೆಯುತ್ತದೆ. ಕಳೆದುಹೋದೀತೆಂಬ ಭಯಕ್ಕೆ ಪಾಸ್‌ಪೋರ್ಟನ್ನು ಮಗಳ ಮನೆಯ ಬೀರುವಿನಲ್ಲಿಟ್ಟು ಜೆರಾಕ್ಸ್ ಹಿಡಿದು ಹೊರಟರೆ ಮಾತ್ರ ಕಷ್ಟ. ಆಧಾರ್ ಅಲ್ಲಿ ಕೆಲಸಕ್ಕೆ ಬಾರದು.

ದಾರಿಯಲ್ಲಿ ಕಾರ್ಡು ಕಳೆದರೆ

ಡಿಜಿಲಾಕರ್ ಇದ್ದವರು ಅದನ್ನೇ ತೋರಿಸಿ ಬರಬಹುದು. ಅದೂ ಇಲ್ಲದಿದ್ದರೆ, ಆಧಾರ್‌ಗೆ ಜೋಡಿಸಿದ ಸಿಮ್ ಕೈಯಲ್ಲಿದ್ದರೆ ಯಾವುದೇ ಸೈಬರ್ ಅಂಗಡಿಯಲ್ಲಿ ಇ-ಆಧಾರ್ ಇಳಿಸಿ ಮುದ್ರಿಸಿಕೊಳ್ಳಿ. ಪಟ್ಟಿಯ ಯಾವ ದಾಖಲೆಯೂ ಇಲ್ಲದವರಿಗೆ ಉಳಿಯುವ ದಾರಿ, ಕೇಂದ್ರ ಅಥವಾ ರಾಜ್ಯ ಸರ್ಕಾರದ ‘ಎ’ ವೃಂದದ ಗೆಜೆಟೆಡ್ ಅಧಿಕಾರಿ ಕೊಡುವ ಗುರುತಿನ ಪತ್ರ. ಉಪವಿಭಾಗಾಧಿಕಾರಿ ಇಂಥ ಅಧಿಕಾರಿ. ಪತ್ರ ಅವರ ಕಚೇರಿಯ ಲೆಟರ್‌ಹೆಡ್‌ನಲ್ಲಿರಬೇಕು, ನಿಮ್ಮ ಫೋಟೊ ಅಂಟಿಸಿ ಅದರ ಮೇಲೆ ದೃಢೀಕರಣದ ಸಹಿ ಇರಬೇಕು. ಕಚೇರಿ ತೆರೆದಿರುವ ದಿನ ನೋಡಿಕೊಂಡು ಹೋಗಿ, ಎರಡು ಪಾಸ್‌ಪೋರ್ಟ್ ಅಳತೆಯ ಫೋಟೊ ಜೊತೆಗಿರಲಿ.