ಕೋನಸ್ ವಿಷದಲ್ಲಿ ಸಿಸ್ಟೀನ್ ಎಣಿಸಿದ್ದು: ನನ್ನ ಅನುಭವ

ಕಾರವಾರದ ಬೈತಖೋಲ ಬಂದರಿಗೆ ಟ್ರಾಲ್ ದೋಣಿಗಳು ಬಂದು, ಮಾರಾಟದ ಮೀನನ್ನು ಆರಿಸಿದ ಮೇಲೆ ಉಳಿಯುವ ರಾಶಿಯಲ್ಲಿ ಕೋನಸ್ ಕುಲದ ಬಸವನಹುಳುಗಳನ್ನು ಹುಡುಕುವುದರಿಂದ ನನ್ನ ಕೆಲಸ ಆರಂಭವಾಗುತ್ತಿತ್ತು. ಸಿಗುತ್ತಿದ್ದವು ಸಮುದ್ರದ ಹುಳುಗಳನ್ನು ತಿಂದು ಬದುಕುವ ಚಿಕ್ಕ ಜಾತಿಯವು. ಮೀನು ಬೇಟೆಯಾಡುವ ಕೋನಸ್ ಜಿಯೋಗ್ರಾಫಸ್‌ನಂತೆ ಮನುಷ್ಯರ ಪ್ರಾಣ ತೆಗೆಯುವಂಥವಲ್ಲ. ಆದರೂ ಬರಿಗೈಯಲ್ಲಿ ಒಂದನ್ನೂ ಎತ್ತಲಿಲ್ಲ.

ಚಿಪ್ಪನ್ನು ಒಡೆದು ಮಂಜುಗಡ್ಡೆಯ ಮೇಲೆ ಬಿಡಿಸಿದಾಗ ವಿಷನಾಳ ಕಾಣುತ್ತದೆ: ನಸುಹಳದಿ ಬಣ್ಣದ, ಸುರುಳಿ ಸುತ್ತಿಕೊಂಡ, ದಾರದಂಥ ಕೊಳವೆ. ಅದರ ಕೊನೆಯಲ್ಲಿರುವ ಸ್ನಾಯುಚೀಲ ವಿಷವನ್ನು ಮುಂದಕ್ಕೆ ತಳ್ಳುತ್ತದೆಯೇ ಹೊರತು ತಯಾರಿಸುವುದಿಲ್ಲ. ತಯಾರಿ ನಡೆಯುವುದು ನಾಳದ ಗೋಡೆಯಲ್ಲಿ. ನಾಳವನ್ನು ಆಮ್ಲ ಬೆರೆಸಿದ ಅಸಿಟೋನೈಟ್ರೈಲ್‌ನಲ್ಲಿ ಅರೆದು, ಗಸಿಯನ್ನು ಬೇರ್ಪಡಿಸಿ, ತಿಳಿಯನ್ನು ಮಿಶ್ರಣದ ಘಟಕಗಳನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿ ಉಪಕರಣದ ಸ್ತಂಭದಲ್ಲಿ ಹಾಯಿಸಿದರೆ ಹತ್ತಾರು ಪೆಪ್ಟೈಡ್‌ಗಳು ಒಂದೊಂದಾಗಿ ಹೊರಬರುತ್ತವೆ.

ಇವುಗಳಲ್ಲಿ ಹೆಚ್ಚಿನವು 10ರಿಂದ 30 ಅಮೈನೋ ಆಮ್ಲಗಳ ಪುಟ್ಟ ಸರಪಳಿಗಳು. ಇಷ್ಟು ಚಿಕ್ಕ ಸರಪಳಿ ಗಟ್ಟಿಯಾಗಿ ಒಂದೇ ಆಕಾರದಲ್ಲಿ ನಿಲ್ಲುವುದಕ್ಕೆ ಸಿಸ್ಟೀನ್ ಎಂಬ, ಗಂಧಕವಿರುವ ಅಮೈನೋ ಆಮ್ಲಗಳ ನಡುವಿನ ಗಂಧಕದ ಬಂಧಗಳೇ ಕಾರಣ. ಆದ್ದರಿಂದ ಅನುಕ್ರಮಕ್ಕಿಂತ ಮೊದಲು ಸಿಸ್ಟೀನ್‌ಗಳನ್ನು ಎಣಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಬಂಧಗಳನ್ನು ಡಿಟಿಟಿ ಎಂಬ ರಾಸಾಯನಿಕದಿಂದ ಬಿಡಿಸಿ, ಅಯೋಡೋಅಸಿಟಮೈಡ್ ಎಂಬ ಇನ್ನೊಂದರಿಂದ ಮುಚ್ಚಿದರೆ ಪ್ರತಿ ಸಿಸ್ಟೀನಿಗೆ 57 ಡಾಲ್ಟನ್ (ಅಣುಗಳ ತೂಕದ ಮಾನ) ಸೇರುತ್ತದೆ. ಬಂಧ ಬಿಡಿಸಿದಾಗ ಸೇರುವ ಒಂದು ಹೈಡ್ರೋಜನ್ನನ್ನೂ ಕೂಡಿಸಿದರೆ 58. ನಾಲ್ಕು ಸಿಸ್ಟೀನ್ ಇದ್ದರೆ 232, ಆರಿದ್ದರೆ 348.

ನನ್ನ ಮೊದಲ ಪೆಪ್ಟೈಡ್‌ನ ತೂಕ 289 ಹೆಚ್ಚಿತು. ಎರಡು ಬಂಧಗಳ ಜೊತೆ ಒಂದು ಬಿಡಿ ಸಿಸ್ಟೀನ್ ಇದ್ದರೂ ಬರುವ ಲೆಕ್ಕ ಅದೇ. ಹಾಗಾಗಿ ಐದು ಸಿಸ್ಟೀನ್‌ಗಳ ಅಪರೂಪದ ವಿಷ ಸಿಕ್ಕಿತೆಂದು ಎರಡು ದಿನ ನಂಬಿದ್ದೆ. ಆದರೆ ಕೋನಸ್ ವಿಷಗಳಲ್ಲಿ ಸಿಸ್ಟೀನ್‌ಗಳು ಸಾಮಾನ್ಯವಾಗಿ ಜೋಡಿಯಾಗಿಯೇ ಬರುತ್ತವೆ. ಟಿಪ್ಪಣಿ ಪುಸ್ತಕ ತಿರುವಿ ನೋಡಿದಾಗ ಅಯೋಡೋಅಸಿಟಮೈಡನ್ನು ಅಗತ್ಯಕ್ಕಿಂತ ಬಹಳ ಹೆಚ್ಚು ಹಾಕಿ, ರಾತ್ರಿಯಿಡೀ ಹಾಗೆಯೇ ಬಿಟ್ಟಿದ್ದು ಕಂಡಿತು. ಹೆಚ್ಚಾದ ಆ ರಾಸಾಯನಿಕ ಸಿಸ್ಟೀನ್ ಬಿಟ್ಟು ಸರಪಳಿಯ ಮೊದಲ ಅಮೈನ್‌ಗೂ ಅಂಟಿಕೊಳ್ಳಬಲ್ಲದು. ಪ್ರಮಾಣ ತಗ್ಗಿಸಿ, ಕತ್ತಲಲ್ಲಿ ಅರ್ಧ ಗಂಟೆಗೆ ನಿಲ್ಲಿಸಿದಾಗ ಏರಿಕೆ 232ಕ್ಕೆ ಇಳಿಯಿತು.

ನಾಲ್ಕು ಸಿಸ್ಟೀನ್‌ಗಳು ಜೋಡಿಯಾಗಲು ಮೂರೇ ದಾರಿಗಳಿವೆ, ಆರಕ್ಕಾದರೆ ಹದಿನೈದು. ಕೋನಸ್ ಮ್ಯಾಗಸ್‌ನಿಂದ ಬಂದು, 2004ರಲ್ಲಿ ಅಮೆರಿಕದಲ್ಲಿ ತೀವ್ರ ನೋವಿಗೆ ಔಷಧವಾಗಿ ಒಪ್ಪಿಗೆ ಪಡೆದ ಝಿಕೊನೊಟೈಡ್‌ನ 25 ಅಮೈನೋ ಆಮ್ಲಗಳಲ್ಲಿ ಆರು ಸಿಸ್ಟೀನ್‌ಗಳಿದ್ದು, ಆ ಹದಿನೈದರಲ್ಲಿ ಒಂದೇ ಜೋಡಣೆ ಬೆನ್ನುಹುರಿಯ ಕ್ಯಾಲ್ಸಿಯಂ ನಾಲೆಗಳನ್ನು ಸರಿಯಾಗಿ ಮುಚ್ಚುತ್ತದೆ. ನನ್ನ ಪೆಪ್ಟೈಡ್‌ನ ಮೂರು ದಾರಿಗಳಲ್ಲಿ ಯಾವುದೆಂದು ತಿಳಿಯಲು, ಬಂಧಗಳನ್ನು ಒಂದೊಂದಾಗಿ ಬಿಡಿಸುವ ಪ್ರಯೋಗಕ್ಕೆ ಉಳಿದ ಪುಡಿಯನ್ನೆಲ್ಲ ತೆಗೆದಿರಿಸಿದೆ.