ಮನೆಶಾಲೆಗೆ ಮೊದಲು ಬೇಕಾದದ್ದು ಒಂದು ಫೈಲು

ಮಗುವನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಮನೆಶಾಲೆ ಎಂಬ ಮಾತೇ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇಲ್ಲ. ಅದರ 10ನೇ ಸೆಕ್ಷನ್ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎನ್ನುತ್ತದೆ. ಸೇರಿಸದವರಿಗೆ ದಂಡ ಮಾತ್ರ ಹೇಳಿಲ್ಲ. ಹೀಗಾಗಿ ಅನುಮತಿ ಪತ್ರ ಎಂಬುದೂ ಇಲ್ಲ. ‘ಹೋಮ್‌ಸ್ಕೂಲ್ ಸರ್ಟಿಫಿಕೇಟ್’ ಕೊಡಿಸುತ್ತೇವೆ ಎಂದು ದುಡ್ಡು ಕೇಳುವವರಿಂದ ದೂರವಿರಿ.

ಮಗು ಈಗಾಗಲೇ ಶಾಲೆಯಲ್ಲಿದ್ದರೆ ಕಳಿಸುವುದನ್ನು ಸುಮ್ಮನೆ ನಿಲ್ಲಿಸಬೇಡಿ. ಶಾಲೆ ಬಿಟ್ಟ ಮಗುವೆಂದು ದಾಖಲಾಗಿ, ಶಿಕ್ಷಕರು ಮನೆಗೆ ವಿಚಾರಿಸಲು ಬರುತ್ತಾರೆ. ಲಿಖಿತ ಅರ್ಜಿ ಕೊಟ್ಟು ಟಿ.ಸಿ., ಅಂಕಪಟ್ಟಿ ಪಡೆದು ಒಂದು ಫೈಲಿನಲ್ಲಿಡಿ, ಸ್ಯಾಟ್ಸ್ ಸಂಖ್ಯೆಯನ್ನೂ (ರಾಜ್ಯದ ವಿದ್ಯಾರ್ಥಿ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ) ಅದರಲ್ಲೇ ಬರೆದಿಟ್ಟುಕೊಳ್ಳಿ. ಮನಸ್ಸು ಬದಲಾದರೆ 14 ವರ್ಷದೊಳಗೆ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು ಎಂದು ಅದೇ ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ.

ಆಮೇಲೆ ಹೆಸರು. ಜನನ ಪ್ರಮಾಣಪತ್ರದಲ್ಲಿ ‘ಅನನ್ಯ ಎಂ.’, ಆಧಾರ್‌ನಲ್ಲಿ ‘ಅನನ್ಯ ಮಂಜುನಾಥ್’ ಎಂದಿದ್ದರೆ ಈಗಲೇ ತಿದ್ದಿಸಿ. ಹತ್ತನೇ ತರಗತಿ ಅಂಕಪಟ್ಟಿಯಲ್ಲಿ ಅಚ್ಚಾದ ಹೆಸರು ಮುಂದೆ ಎಲ್ಲ ಕಡೆ ಬೆನ್ನು ಹತ್ತುತ್ತದೆ.

ಪಾಠಕ್ಕೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಸ್ತಕಗಳು ಉಚಿತ. ಚಿಕ್ಕವರಿಗೆ ದಿನಕ್ಕೆ ಎರಡು–ಮೂರು ಗಂಟೆ ಧಾರಾಳ. ಗಂಟೆ ಬಾರಿಸಿ ಆರು ಪೀರಿಯಡ್ ನಡೆಸಹೊರಟವರು ತಿಂಗಳಲ್ಲಿ ಸುಸ್ತಾಗುತ್ತಾರೆ. ದಿನಕ್ಕೆ ಎರಡು ಸಾಲು ದಾಖಲೆ ತಪ್ಪಿಸಬೇಡಿ: ‘ಜುಲೈ 8. ಇಡ್ಲಿಗೆ ಅಕ್ಕಿ–ಉದ್ದು 3:1, ಅನುಪಾತದ 6 ಲೆಕ್ಕ, 2 ತಪ್ಪು.’ ಯಾರಾದರೂ ವಿಚಾರಿಸಲು ಬಂದರೆ ತೋರಿಸಲು ಇದೇ ಆಧಾರ.

ಪರೀಕ್ಷೆಗೆ ಹೆಚ್ಚಿನವರ ದಾರಿ ಎನ್‌ಐಒಎಸ್, ಅಂದರೆ ಶಾಲೆಗೆ ಹೋಗದೆಯೂ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. ಅದರ ಎ, ಬಿ, ಸಿ ಹಂತಗಳು ಕ್ರಮವಾಗಿ 3, 5, 8ನೇ ತರಗತಿಗೆ ಸಮ. ಹತ್ತನೆಯದಕ್ಕೆ ಕನಿಷ್ಠ 14 ವರ್ಷ ತುಂಬಿರಬೇಕು. ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ. ನೋಂದಣಿಯ ಐದು ವರ್ಷದೊಳಗೆ ಒಂಬತ್ತು ಅವಕಾಶ. ಇಲ್ಲಿ ಗಣಿತ ಕಡ್ಡಾಯವಲ್ಲ. ಸುಲಭವಾಯಿತೆಂದು ಬಿಟ್ಟವರು ಪಿಯು ವಿಜ್ಞಾನದ ಬಾಗಿಲಲ್ಲಿ ಪರದಾಡುತ್ತಾರೆ.

ಬಹುತೇಕರು ಮರೆಯುವುದು ಸಿಇಟಿ, ಅಂದರೆ ಎಂಜಿನಿಯರಿಂಗ್‌ನಂಥ ಕೋರ್ಸುಗಳಿಗೆ ರಾಜ್ಯದ ಪ್ರವೇಶ ಪರೀಕ್ಷೆ. ರಾಜ್ಯದ ಕೋಟಾದಲ್ಲಿ ಸೀಟು ಬೇಕಾದರೆ ಸಾಮಾನ್ಯ ನಿಯಮ, 1ನೇ ತರಗತಿಯಿಂದ ದ್ವಿತೀಯ ಪಿಯುವರೆಗೆ ಕರ್ನಾಟಕದ ಮಾನ್ಯ ಶಾಲೆ–ಕಾಲೇಜಿನಲ್ಲಿ 7 ವರ್ಷದ ವ್ಯಾಸಂಗ. ಪಾಲಕರ ವ್ಯಾಸಂಗದ ಆಧಾರದ ಮೇಲೂ ಒಂದು ದಾರಿಯಿದೆ, ಆದರೆ ಅದಕ್ಕೆ ಪಿಯು ಎರಡೂ ವರ್ಷ ಇಲ್ಲೇ ಓದಿರಬೇಕು. ಒಂದು ದಿನವೂ ಶಾಲೆಗೆ ಹೋಗದ ಮಗು 6ನೇ ತರಗತಿಗೆ ಸೇರಿದರೆ ದ್ವಿತೀಯ ಪಿಯು ಮುಗಿಯುವಾಗ ಸರಿಯಾಗಿ ಏಳು. 7ನೆಯದಕ್ಕೆ ಸೇರಿದರೆ ಆರೇ.