ಸಾಲು ಸೊನ್ನೆಯ ಚಾರ್ಟು

ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೆಡಿಕಲ್ ವಾರ್ಡಿನ ಇನ್‌ಚಾರ್ಜ್ ನಾನು. ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಮಂಡಳಿಯ ತಪಾಸಣೆ ಹತ್ತಿರ ಬಂತೆಂದರೆ ಡ್ಯೂಟಿ ರೂಮಿನಲ್ಲಿ ಒಂದೇ ಮಾತು: "ಎಂತ ಸಿಸ್ಟರ್, ಪೇಷೆಂಟನ್ನು ನೋಡುವುದಾ, ಫೈಲ್ ಬರೆಯುವುದಾ?" ಹೀಗೆ ಕೇಳುವವರು ಮೈಗಳ್ಳರಲ್ಲ, ನೈಟ್ ಡ್ಯೂಟಿಯಲ್ಲಿ ಊಟ ಬಿಟ್ಟು ಓಡಾಡುವವರೇ. ಅವರಿಗೆ ಗುಣಮಟ್ಟದ ಮೇಲೆ ಸಿಟ್ಟಿಲ್ಲ. ಬರೆದದ್ದೆಲ್ಲ ಮೇಲಿನ ಆಫೀಸಿಗೆ ಹೋಗುತ್ತದೆ, ಕೆಳಗೆ ಏನೂ ತಿರುಗಿ ಬರುವುದಿಲ್ಲ ಎಂಬುದೇ ಬೇಸರ.

ನಾನು ಕ್ಯಾನುಲಾ (ಡ್ರಿಪ್, ಇಂಜೆಕ್ಷನ್ ಕೊಡಲು ರಕ್ತನಾಳದೊಳಗೆ ಹಾಕುವ ಸಣ್ಣ ನಳಿಕೆ) ಚಾರ್ಟಿನಿಂದ ಶುರು ಮಾಡಿದೆ. ಅದರಲ್ಲಿ ಬರೆಯುವ ವಿಐಪಿ ಸ್ಕೋರ್ (ಗಣ್ಯರಿಗೂ ಇದಕ್ಕೂ ಸಂಬಂಧವಿಲ್ಲ, ರಕ್ತನಾಳ ಎಷ್ಟು ಕೆಟ್ಟಿದೆ ಎಂದು ಕಣ್ಣಿನಿಂದ ನೋಡಿ ಕೊಡುವ ಅಂಕ) 0ಯಿಂದ 5ರವರೆಗೆ. ಕ್ಯಾನುಲಾ ಹಾಕಿದ ಜಾಗದಲ್ಲಿ ನೋವು, ಕೆಂಪು, ಬಾವು ಈ ಮೂರರಲ್ಲಿ ಎರಡು ಕಂಡರೆ 2. ಕೂಡಲೇ ತೆಗೆದು ಬೇರೆ ಕಡೆ ಹಾಕಬೇಕು. ನಮ್ಮ ಚಾರ್ಟಿನಲ್ಲಿ ಎಲ್ಲ ಪೇಷೆಂಟಿಗೂ, ಎಲ್ಲ ಶಿಫ್ಟಿನಲ್ಲೂ 0, ಅದೂ ಒಂದೇ ಪೆನ್ನಿನಲ್ಲಿ. ಬೈದರೆ ಸೊನ್ನೆ ಇನ್ನಷ್ಟು ದುಂಡಗೆ ಬರುತ್ತದೆ, ಅಷ್ಟೇ.

ಹಾಗಾಗಿ ಶಿಫ್ಟ್ ಬದಲಾಗುವಾಗಿನ ಹ್ಯಾಂಡೋವರನ್ನು ಕೌಂಟರಿನಿಂದ ಬೆಡ್ಡಿನ ಹತ್ತಿರ ತಂದೆ. ಹೋಗುವ ಸಿಸ್ಟರ್, ಬರುವ ಸಿಸ್ಟರ್ ಇಬ್ಬರೂ ಕೈ ನೋಡಿ, ಪ್ಲಾಸ್ಟರಿನ ಸುತ್ತ ಮೆಲ್ಲಗೆ ಒತ್ತಿ, "ನೋವುಂಟಾ?" ಎಂದು ಕೇಳಿದ ಮೇಲೆಯೇ ಅಂಕ. ಇದನ್ನೇ ಇನ್ನೊಂದು ರಿಜಿಸ್ಟರಿನಲ್ಲೂ ಬರೆಸುತ್ತಿದ್ದರು; ಸೂಪರಿಂಟೆಂಡೆಂಟ್ ಮೇಡಂ ಹತ್ತಿರ ವಾದ ಮಾಡಿ ಅದನ್ನು ನಿಲ್ಲಿಸಿದೆ. ನಿಜ ಹೇಳಬೇಕೆಂದರೆ, ನಾನು ತೆಗೆದುಕೊಂಡ ಎಲ್ಲ ಕ್ಲಾಸುಗಳಿಗಿಂತ ಆ ಒಂದು ರಿಜಿಸ್ಟರ್ ಹೋದದ್ದೇ ಹೆಚ್ಚು ಕೆಲಸ ಮಾಡಿತು.

ತಿಂಗಳ ಲೆಕ್ಕ ಮೇಲೆ ಹೋಗುವ ಮೊದಲು ನಮ್ಮ ಗೋಡೆಗೆ ಅಂಟಿಸತೊಡಗಿದೆವು. ಯಾರ ಹೆಸರೂ ಇಲ್ಲ. ಮೊದಲಿಗೆ ಫ್ಲೆಬೈಟಿಸ್ (ರಕ್ತನಾಳದ ಉರಿಯೂತ) ಸಂಖ್ಯೆ ಏರಿತು. ಆಡಳಿತದವರು ಕಾರಣ ಕೇಳಿದರು. ಈಗ ನೋಡಿ ಬರೆಯುತ್ತಿದ್ದಾರೆ, ಅದಕ್ಕೆ ಎಂದೆ. ಆಗ ಒಬ್ಬರಿಗಾದರೂ ಮೆಮೊ ಕೊಟ್ಟಿದ್ದರೆ ಮರುದಿನದಿಂದ ಮತ್ತೆ ಸೊನ್ನೆಯೇ ಬರುತ್ತಿತ್ತು. ಗೋಡೆಯ ಲೆಕ್ಕ ನೋಡಿ, ಮೊಣಕೈ ಮಡಿಸುವ ಜಾಗದಲ್ಲಿ ಹಾಕಿದ ಕ್ಯಾನುಲಾಗಳೇ ಹೆಚ್ಚು ಕೆಡುತ್ತವೆ ಎಂದು ಕಂಡುಹಿಡಿದವರು ಹೊಸ ಹುಡುಗಿಯರು. ಕ್ಯಾಶುವಾಲ್ಟಿಯಿಂದ ಹಾಗೆ ಬಂದವರಿಗೆ ಮುಂಗೈಯಲ್ಲಿ ಹೊಸದು ಹಾಕೋಣವೇ ಎಂದು ಅವರೇ ಕೇಳಿದರು.

ಪೇಷೆಂಟಿನ ಗುರುತು ಕೇಳುವ ನಿಯಮವೂ ಹೀಗೆಯೇ ಒಗ್ಗಿತು. "ನೀವು ಸುಂದರ ಅಲ್ವಾ?" ಎಂದರೆ ಕಿವಿ ಕೇಳದ ಅಜ್ಜ ಯಾವುದಕ್ಕೂ ಹೂಂ ಎನ್ನುತ್ತಾರೆ. "ಈರೆನ ಪುದರ್ ದಾನೆ?" (ನಿಮ್ಮ ಹೆಸರೇನು?) ಎಂದು ತುಳುವಿನಲ್ಲೇ ಕೇಳಿ, ಕೈಪಟ್ಟಿಯ ಆಸ್ಪತ್ರೆ ನಂಬರ್ ತಾಳೆ ನೋಡುವುದನ್ನು ಕೇರಳದಿಂದ ಬಂದ ಸಿಸ್ಟರ್‌ಗಳೂ ಬೇಗ ಕಲಿತರು.

ಕೈ ತೊಳೆಯುವ ವಿಷಯದಲ್ಲಿ ಮಾತ್ರ ಇನ್ನೂ ಜಗ್ಗಾಟ. ಕೈ ಶುದ್ಧ ಮಾಡಲೇಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಐದು ಸಂದರ್ಭಗಳು ಎಲ್ಲರಿಗೂ ಬಾಯಿಪಾಠ. ಹ್ಯಾಂಡ್‌ರಬ್ಬಿಗೆ (ಸ್ಯಾನಿಟೈಸರ್ ಹಾಕಿ ಕೈ ಉಜ್ಜುವುದಕ್ಕೆ) ಬೇಕಾದ್ದು 20–30 ಸೆಕೆಂಡ್, ಆದರೆ ಬಾಟಲಿ ವಾರ್ಡಿನ ಆ ತುದಿಯಲ್ಲಿದ್ದರೆ ಯಾರು ಹೋಗುತ್ತಾರೆ? ಪ್ರತಿ ಬೆಡ್ಡಿಗೂ ಒಂದು ಕೇಳಿದ್ದೇನೆ, ಅರ್ಧ ಬಂದಿದೆ.

ರಜೆಯವರು ಹೆಚ್ಚಿರುವ ರಾತ್ರಿಗಳಲ್ಲಿ ಈಗಲೂ ಸಾಲು ಸೊನ್ನೆ ಬರುತ್ತದೆ. ಅಂಥ ಚಾರ್ಟ್ ಕಂಡರೆ ಬರೆದವರನ್ನು ಕರೆಯುವ ಮೊದಲು ಆ ರಾತ್ರಿ ಎಷ್ಟು ಪೇಷೆಂಟಿಗೆ ಎಷ್ಟು ಸಿಸ್ಟರ್ ಇದ್ದರು ಎಂದು ರೋಸ್ಟರ್ ನೋಡುತ್ತೇನೆ, ಎರಡನ್ನೂ ಒಟ್ಟಿಗೆ ಮೇಡಂ ಟೇಬಲಿಗೆ ಕಳಿಸುತ್ತೇನೆ.